ಮೂರನೇ ನಂಬರಿನ ಮೂತಿ

ಬೆಳಗಿನ ನಾಲ್ಕನ್ನು ಡುಲೂತಿನಲ್ಲಿ ಯಾರೂ ಬೆಳಗು ಅನ್ನುವುದಿಲ್ಲ.
ಹಿಮ ಬಾಚುವ ಲಾರಿ, ನಾನು, ಸೂಪರ್‌ಮಾರ್ಕೆಟ್ಟಿನ ಹಿಂಬಾಗಿಲು,
ಎಚ್ಚರ ಇರುವುದು ಇಷ್ಟೇ.
ಕೂದಲಿಗೆ ಬಲೆ, ಕೈಗೆ ಗವಸು, ಎದೆಗೊಂದು ಹೆಸರಿನ ಬಿಲ್ಲೆ.
ಅದರಲ್ಲಿ ನಾನು ವಾನಿ.
ವನಜಾಕ್ಷಿ ಅನ್ನುವಷ್ಟು ಜಾಗ
ಬಿಲ್ಲೆಯಲ್ಲಿ ಇರಲಿಲ್ಲವಂತೆ.

ಬ್ರೆಡ್ಡು ಇಲ್ಲಿ ಹುಟ್ಟುವುದಿಲ್ಲವೆಂದು ಮೊದಲ ದಿನವೇ ಗೊತ್ತಾಯಿತು.
ಎಲ್ಲೋ ನಾದಿ, ಕಲ್ಲಾಗಿಸಿ, ಪೆಟ್ಟಿಗೆ ತುಂಬಿ ಕಳಿಸುತ್ತಾರೆ.
ನಾವು ಕರಗಿಸಿ, ಉಬ್ಬಿಸಿ, ಕಂದು ಬರಿಸುತ್ತೇವೆ.
ಗಿರಾಕಿ ಮೂಗರಳಿಸಿ, "ಆಹಾ, ಈಗಷ್ಟೇ ಮಾಡಿದ್ದಾ?" ಅಂದಾಗ
ಮಾರ್ಲಿಸ್ ನನ್ನ ಕಡೆ ನೋಡುವುದಿಲ್ಲ, ನಾನು ಅವಳ ಕಡೆ.
ಸುಳ್ಳೇನಲ್ಲ.
ಈಗಷ್ಟೇ ಬೆಂದದ್ದು ನಿಜ.

ಕೇಕಿನ ಮೇಲೆ ಬರೆಯುವುದು ಮಾತ್ರ ನನ್ನದೇ ಪಾಲು.
ಗುಲಾಬಿಗೆ ಪುಸ್ತಕವಿದೆ: ಎಷ್ಟು ಎಸಳು, ಯಾವ ಬಣ್ಣ.
ನೂರಾ ಹದಿನಾಲ್ಕನೇ ಡಿಸೈನು ಡೈನೋಸಾರು.
ಅಕ್ಷರಕ್ಕೆ ಪುಸ್ತಕವಿಲ್ಲ.
ಮೂರನೇ ನಂಬರಿನ ಮೂತಿ, ಚೀಲದ ಕುತ್ತಿಗೆ ಹಿಂಡುವ ಹೆಬ್ಬೆರಳು,
ಉಸಿರು ಕಟ್ಟಿ ಒಂದು ಸಾಲು.
ಇಂಗ್ಲಿಷಿನ ಎಚ್ಚು, ಟೀ, ಕೆ, ಎಲ್ಲ ಕಂಬ ನೆಟ್ಟಂಥ ಅಕ್ಷರ;
ಮೂಲೆ ಮೂಲೆಗೂ ನಿಂತು ತುಂಡರಿಸಬೇಕು,
ಇಲ್ಲದಿದ್ದರೆ ಕೆನೆ ಬಾಲ ಎಳೆಯುತ್ತದೆ.
ನಮ್ಮವು ನೋಡಿ, ತಿರುಗಿ ತಿರುಗಿ ಮನೆಗೇ ಬರುವಂಥವು,
ಈ ಮೂತಿಗೆಂದೇ ಯಾರೋ ಮಾಡಿಟ್ಟ ಹಾಗೆ.

ಅಪ್ಪ ರಾಣೇಬೆನ್ನೂರಿನಲ್ಲಿ ಲಾರಿಗಳ ಬೆನ್ನಿಗೆ ಬರೆಯುತ್ತಿದ್ದ.
ಬೈಗುಳ ಬರೆದರೂ ಅವನ ಕೈಯಲ್ಲಿ ಅದು ದುಂಡಗೆ.
"ಮೊದಲು ಜಾಗ ನೋಡು, ಆಮೇಲೆ ಅಕ್ಷರ.
ಕೊನೆಯಲ್ಲಿ ಇರುಕಿಸುವವನು ಪೇಂಟರ್ ಅಲ್ಲ, ಕಂಡಕ್ಟರ್."
ಕ್ರಿಸ್ಟಫರ್ ಎಂಬ ಹುಡುಗನನ್ನು
ಆರಿಂಚಿನ ಕೇಕಿಗೆ ಹತ್ತಿಸುವಾಗಲೆಲ್ಲ
ನಗು ಬರುತ್ತದೆ. ಕೈ ನಡುಗಬಾರದು.

ಚೀಟಿಗಳು ಬರುತ್ತವೆ.
ನಿವೃತ್ತಿಯ ಶುಭಾಶಯ ಗ್ಯಾರಿ, ಇನ್ನಾದರೂ ಮೀನು ಹಿಡಿ.
ಹುಡುಗಿಯಂತೆ!
ಕುಡಿಯದೆ ಐದು ವರ್ಷ. ಇದನ್ನು ಬರೆಸಿದಾತ
ಹಣ ಕೊಟ್ಟು ಹೊರಗೆ ಹೋಗಿ, ಮತ್ತೆ ಬಂದು,
ಐದರ ಪಕ್ಕ ಒಂದು ನಕ್ಷತ್ರ ಕೇಳಿದ.
ನಕ್ಷತ್ರಕ್ಕೆ ಅರವತ್ತು ಸೆಂಟು.
ನಾನು ಬಿಲ್ಲಿಗೆ ಸೇರಿಸಲಿಲ್ಲ.

ಶುಕ್ರವಾರದ್ದೊಂದು ಹಾಗೇ ಉಳಿಯಿತು.
ವೆನಿಲ್ಲಾ, ತಿಳಿನೀಲಿ ಅಂಚು, ಗಾಢ ನೀಲಿಯಲ್ಲಿ
ಮನೆಗೆ ಬಂದೆಯಲ್ಲ, ಡೆಲ್ಬರ್ಟ್.
ಶನಿವಾರ ಫೋನು ಮಾಡಿದೆವು, ರಿಂಗಾಯಿತು.
ಭಾನುವಾರ ರಿಂಗೂ ಆಗಲಿಲ್ಲ.
ಬರೆದದ್ದನ್ನು ಕೆರೆದು, ಅರ್ಧ ಬೆಲೆಯ ಹಳದಿ ಚೀಟಿ ಹಚ್ಚಿ
ಮುಂದಿನ ಕಪಾಟಿಗಿಡಬೇಕು, ಅದು ನಿಯಮ.
ಮೂವತ್ತೊಂದು ವರ್ಷದ ಗುಲಾಬಿಗಳು
ಮಾರ್ಲಿಸಳ ಮಣಿಕಟ್ಟಿನಲ್ಲಿ ನೋಯುತ್ತವೆ, ಅಲ್ಲಿಗೊಂದು ಪಟ್ಟಿ.
"ನೀನೇ ಕೆರೆ," ಅಂದಳು.

ನೀಲಿ ಸುಲಭಕ್ಕೆ ಬಿಡುವ ಬಣ್ಣವಲ್ಲ.
ಡೆಲ್ಬರ್ಟ್ ಹೋದ, ಅವನ ಕಲೆ ಹೋಗಲಿಲ್ಲ.
ಬಳ್ಳಿ ಬಿಟ್ಟು ಮುಚ್ಚುವುದು ವಾಡಿಕೆ.
ಬಿಟ್ಟೆ. ಹಸಿರು ಕೆನೆ, ಅದೇ ಮೂತಿ.
ಡ ಒಂದು ಮೊಗ್ಗು, ಅದಕ್ಕೆ ಏತ್ವದ ಕುಡಿ,
ಲಕಾರದಡಿ ಬ ಒತ್ತು ಎಲೆಯಂತೆ ಜೋತಿತು,
ಕೊನೆಗೆ, ಅವನ ಹೆಸರಿಗೆ ಬೇಕೇ ಇಲ್ಲದ
ಒಂದು ವಟ್ರಸುಳಿ, ಚೆಂದಕ್ಕೆ.
ಮ್ಯಾನೇಜರ್ ಬಗ್ಗಿ ನೋಡಿದ:
"ಒಳ್ಳೇ ಬಳ್ಳಿ, ವಾನಿ. ಪುಸ್ತಕಕ್ಕೆ ಸೇರಿಸೋಣ."

ಮಂಗಳವಾರ ಒಬ್ಬಳು ಎತ್ತಿಕೊಂಡಳು,
ಹಿಮ ಬಾಚುವವರ ಕಿತ್ತಳೆ ಜಾಕೆಟ್ಟು, ಬೂಟಿನ ತುಂಬ ಉಪ್ಪು.
"ಏನು ವಿಶೇಷ?" ಅಂದೆ.
"ಏನಿಲ್ಲ. ಮಂಗಳವಾರ."
ಡೆಲ್ಬರ್ಟನನ್ನು ಅಡ್ಡ ಹಿಡಿದು, ಗಾಳಿಗೆ ಬೆನ್ನು ಕೊಟ್ಟು ನಡೆದಳು.
ಹಿಡಿದದ್ದು ಸರಿಯಿರಲಿಲ್ಲ, ಕೂಗಿ ಹೇಳಬೇಕೆನಿಸಿತು.

ಗವಸಿನೊಳಕ್ಕೂ ಇಳಿದಿದ್ದ ನೀಲಿ
ರಾತ್ರಿ ಅನ್ನ ಕಲಸುವಾಗಲೂ
ಉಗುರಿನ ಸಂದಿಯಲ್ಲಿತ್ತು.