ತಂತಿಯ ತುದಿ

ರಾತ್ರಿ ಹನ್ನೊಂದೂವರೆಗೆ ಬಾಗಿಲು ಬಡಿದವಳು
ಮೇಲಿನ ಮನೆಯ ಋತುಜಾ ಥೋಪಟೆ.
ಕಾಕಾ, ಆಸ್ಪತ್ರೆಯ ಮಷೀನು ರಿಪೇರಿ ಮಾಡ್ತೀರಲ್ಲ,
ನನ್ನ ಚಕಲಿಗೆ ಏನೋ ಆಗಿದೆ.

ಚಕಲಿ ಅಂದರೆ ಹಾವು.
ಸುತ್ತಿ ಕೂತರೆ ಹಬ್ಬದ ತಟ್ಟೆಯಿಂದ ಇಳಿದು ಬಂದ ಹಾಗೆ.
ಹೊರದೇಶದ ತಳಿ, ಕಾಗದಪತ್ರ ಎಲ್ಲ ಸರಿಯಿದೆ
ಎಂದು ಕೇಳದಿದ್ದರೂ ಮೆಟ್ಟಿಲಲ್ಲೇ ಹೇಳಿದಳು.
ಹಾವೆಂದರೆ ಕೋಲು ಹುಡುಕುವವರು ನಾವು, ಸಿಂದಗಿ ಕಡೆಯವರು.
ನಾನು ಟೆಸ್ಟರ್ ಹುಡುಕಿದೆ.

ಧನಕವಡಿಯಲ್ಲಿ ಡಿಸೆಂಬರ್.
ಕಾತ್ರಜ್ ಘಾಟಿನಿಂದ ಇಳಿದ ಚಳಿ
ಕಿಟಕಿಯ ಸಂದಿಗೆ ತುರುಕಿದ ಹಳೇ ಪೇಪರನ್ನೂ ದಾಟಿತ್ತು.
ಗಾಜಿನ ಪೆಟ್ಟಿಗೆಯೊಳಗೆ ಎರಡು ಋತು ಬೇಕಂತೆ:
ಈ ತುದಿಗೆ ಮೂವತ್ತೆರಡು, ಆ ತುದಿಗೆ ಇಪ್ಪತ್ತಾರು,
ನಡುವೆ ಅದರ ಇಷ್ಟ.
ಮೈಯೊಳಗೆ ಒಲೆ ಇಲ್ಲದ ಜೀವ,
ಬೆಚ್ಚಗಾಗಲು ಹರಿದೇ ಹೋಗಬೇಕು,
ತಣ್ಣಗಾಗಲೂ.

ಥರ್ಮೋಸ್ಟ್ಯಾಟಿನ ಪರದೆ ಇಪ್ಪತ್ತೆರಡು ಅನ್ನುತ್ತಿತ್ತು.
ಕೆಂಪು ದೀಪ ಆರುತ್ತಲೇ ಇಲ್ಲ: ಕಾಸು, ಇನ್ನೂ ಕಾಸು.
ಅಡಿಯ ಹೀಟಿಂಗ್ ಪ್ಯಾಡಿಗೆ ಅಂಗೈ ಇಟ್ಟವನು
ತಟ್ಟನೆ ತೆಗೆದೆ.
ಅಳೆದರೆ ನಲವತ್ತಾರು.

ಹಾವು ಅಲ್ಲೇ ಬಿದ್ದಿತ್ತು, ಕದಲದೆ.
ಮೇಲಿನ ಗಾಳಿ ಅಷ್ಟು ತಣ್ಣಗಿರುವಾಗ
ಸಿಕ್ಕ ಬಿಸಿ ಬಿಟ್ಟು ಎಲ್ಲಿಗೆ ಹೋದೀತು?
ಋತುಜಾ ಎರಡೂ ಕೈಯಲ್ಲಿ ಎತ್ತಿ ಹೊರಳಿಸಿದಳು.
ಹೊಟ್ಟೆಯ ಬಿಳಿ ಪಟ್ಟಿಗಳಲ್ಲಿ ನಾಲ್ಕು
ಗುಲಾಬಿಗೆ ತಿರುಗಿದ್ದವು.

ತಂತಿ ಹಿಡಿದು ಹೋದೆ.
ಅದರ ತುದಿ, ಜೋಳದ ಕಾಳಿನಷ್ಟು ಉಕ್ಕು,
ಯಾವಾಗಲೋ ಕಿತ್ತುಕೊಂಡು
ನೀರಿನ ಬಟ್ಟಲಲ್ಲಿ ಮುಳುಗಿತ್ತು.
ಯಂತ್ರ ಸುಳ್ಳು ಹೇಳಿರಲಿಲ್ಲ.
ತಾನಿದ್ದ ಜಾಗದ ಸುದ್ದಿ ಹೇಳಿತ್ತು, ಅಷ್ಟೆ.

ಇದನ್ನು ಮೊದಲೊಮ್ಮೆ ನೋಡಿದ್ದೇನೆ.
ಮೂರನೇ ಮಹಡಿ, ನಾಲ್ಕನೇ ವಾರ್ಮರ್,
ಸಾವಿರದ ನೂರು ಗ್ರಾಮಿನ, ಹೆಸರಿಡದ ಒಂದು ಮಗು.
ಹೊಟ್ಟೆಯ ಮೇಲಿನ ಪ್ರೋಬ್ ಕಳಚಿ ಪಕ್ಕಕ್ಕೆ ಬಿದ್ದಿತ್ತು,
ಮೇಲಿನ ಸರಳು ಕೆಂಡವಾಗುತ್ತಲೇ ಇತ್ತು.
ನರ್ಸ್ ಬಾಯಿ ಸಮಯಕ್ಕೆ ಬಂದಳು.
ವರದಿಯಲ್ಲಿ ನಾನು ಬರೆದೆ: ಯಂತ್ರದಲ್ಲಿ ದೋಷವಿಲ್ಲ.
ನಿಜದ ಸಾಲೇ.
ಎರಡು ತಿಂಗಳು ನಿದ್ದೆ ಮಾತ್ರ ಬರಲಿಲ್ಲ.

ಜೇಬಿನಿಂದ ಟೇಪು ತೆಗೆದೆ.
ಬೇಡ ಕಾಕಾ, ಮೈಗಂಟಿದರೆ ಚರ್ಮವೇ ಎದ್ದು ಬರುತ್ತದೆ.
ಗೊತ್ತು, ಅಂದೆ.
ಯಾಕೆ ಗೊತ್ತು ಅಂತ ಹೇಳಲಿಲ್ಲ.

ಗಾಜಿನ ಹೊರಗೆ, ಪ್ಯಾಡಿನ ಬೆನ್ನಿಗೆ
ಆ ಕಾಳನ್ನು ಕೂರಿಸಿ ಕಟ್ಟಿದೆವು.
ಹೊಟ್ಟು ತೆಗೆದು ಬಿಳಿ ಕಾಗದ ಹಾಸಿದಳು,
ಬೆಳಗ್ಗೆ ಡಾಕ್ಟರಿಗೆ ಎಂದಳು, ಮೂಗು ಒರೆಸಿಕೊಂಡು.
ಹಾವಿಗೆ ಹಾಲೆರೆಯುವುದಕ್ಕೆ ಗಾದೆ ಇದೆ,
ಬಿಸಿ ಎರೆಯುವುದಕ್ಕೆ
ನಮ್ಮವ್ವನ ಬಳಿಯೂ ಇದ್ದಂತಿಲ್ಲ.

ಮೂವತ್ತು. ಮೂವತ್ತೊಂದು. ಮೂವತ್ತೆರಡು.
ಟಿಕ್.
ಕೆಂಪು ಆರಿತು.
ಹೋಗಿ ಮಲಗಿ ಕಾಕಾ, ಒಂದೂವರೆ ಆಯಿತು.
ಇನ್ನೊಂದು ಸಲ ಟಿಕ್ ಅನ್ನಲಿ, ಎಂದು ಕೂತೆ.
ಅಂದಿತು.
ಆಮೇಲೂ, ಅವಳು ಚಹಾ ಇಡಲು ಹೋದಾಗ,
ಪರದೆಯ ಕಡೆ ನೋಡದೆ
ಗಾಜಿನ ಅಡಿಗೆ ಕೈ ತೂರಿಸಿ
ಅಂಗೈ ಇಟ್ಟೆ.