ಐದು ಕಾಲಿನ ಆಡು

ಆ ಬೇಸಿಗೆ ಇಬ್ಬರೂ ಮಾತು ಬಿಟ್ಟಿದ್ದರು,
ನಮ್ಮವ್ವ ಸೆನೆಮ್, ಚಿಕ್ಕಮ್ಮ ಗೊಲಾಬ್ತುನ್.
ವಾರಗಿತ್ತಿಯರ ನಡುವೆ ಬಂದದ್ದು
ಒಂದು ಹಂಡೆ ಕೆಂಪು.

ಝಾಗ್ರೋಸ್ ಬೆಟ್ಟದ ಮೇಲುಗಾವಲಿಗೆ ಬಂದಿಳಿದ ವಾರವೇ
ಕುರಿಗಳ ಮೈ ಬೋಳಿಸಿದ್ದೆವು.
ಉಣ್ಣೆಯನ್ನು ತೊರೆಯಲ್ಲಿ ಅದ್ದಿ, ತುಳಿದು, ಮತ್ತೆ ಅದ್ದಿ,
ಕಾಲ್ಬೆರಳು ಮರಗಟ್ಟುವ ತನಕ.
ಜಿಡ್ಡು ಪೂರ್ತಿ ಹೋಗಬಾರದು, ಅಜ್ಜಿ ಹೇಳುತ್ತಿದ್ದಳು,
ಕುರಿ ಒಂದಿಷ್ಟು ಕುರಿಯಾಗಿಯೇ ಉಳಿಯಲಿ.
ಆಮೇಲೆ ಹಿಂಜಿದ್ದು, ಹಂಜಿ ಹೊಸೆದದ್ದು,
ಮಂದೆಯ ಹಿಂದೆ ನಡೆಯುತ್ತಲೇ ನೂತದ್ದು.
ನಮ್ಮ ಕದಿರಿಗೆ ಕೂತು ಗೊತ್ತಿಲ್ಲ.

ಮಂಜಿಷ್ಠದ ಬೇರು ಕುಟ್ಟಿ ಹಂಡೆಗಿಟ್ಟ ದಿನ
ಹೋತವೊಂದು ಡೇರೆಯ ಹಗ್ಗ ಕಿತ್ತುಕೊಂಡು ಓಡಿತು.
ಮಂಜಿಷ್ಠ ಕುದಿಯಬಾರದು,
ಇನ್ನೇನು ಕುದಿಯಿತು ಅನ್ನುವಲ್ಲಿ ನಿಲ್ಲಬೇಕು.
ಇವಳು ನೋಡುತ್ತಾಳೆಂದು ಅವಳು ಓಡಿದಳು,
ಅವಳಿದ್ದಾಳೆಂದು ಇವಳು.
ಹೋತ ಸಿಕ್ಕಿತು.
ಕೆಂಪು ಮಾತ್ರ ಸುಟ್ಟ ಇಟ್ಟಿಗೆಯಾಗಿತ್ತು.

ಆದರೂ ಮಗ್ಗ ಒಂದೇ.
ನೆಲಕ್ಕೆ ನಾಲ್ಕು ಗೂಟ ಹೊಡೆದು ಹಾಸು ಬಿಗಿದಾಗ
ಎಡಕ್ಕೆ ಅವ್ವ, ಬಲಕ್ಕೆ ಚಿಕ್ಕಮ್ಮ,
ನಡುವೆ ಉಂಡೆ ಕೊಡುವ ನಾನು, ಎಂಟು ವರ್ಷ.
ಹಾಸಿನ ಎರಡೆಳೆಗೆ ನೂಲು ಸುತ್ತು, ಎಳೆ, ಚಾಕುವಿನಿಂದ ಕುಯ್ಯಿ.
ಸುತ್ತು, ಎಳೆ, ಕುಯ್ಯಿ.
ಸಾಲು ಮುಗಿದರೆ ಹೊಕ್ಕು ತೂರಿಸಿ
ಕಬ್ಬಿಣದ ಹಣಿಗೆಯಿಂದ ಬಡಿ.
ಹಣಿಗೆಯೂ ಒಂದೇ.
"ಹಣಿಗೆ ಬೇಕಂತೆ ಅಂತ ಹೇಳೇ ಅವಳಿಗೆ."
"ನೀಲಿ ಮೂರು, ಆಮೇಲೆ ಬಿಳಿ ಅಂತ ಹೇಳು."
ಮೊಳದ ದೂರಕ್ಕೆ ನಾನು ಅಂಚೆಯಾದೆ.
ಅವ್ವ ಬಡಿದರೆ ಗೂಟಗಳು ಅಲುಗುತ್ತಿದ್ದವು.
ಚಿಕ್ಕಮ್ಮ ಬಡಿಯುವುದು ಮಗುವಿನ ಬೆನ್ನು ತಟ್ಟಿದ ಹಾಗೆ.

ನಕ್ಷೆ ಕಾಗದದಲ್ಲಿಲ್ಲ, ಬೆರಳಲ್ಲಿದೆ.
ಆಡು ಬರಬೇಕಾದದ್ದು ಸರಿಯಾಗಿ ನಡುವಿಗೆ,
ಮುಂದಿನರ್ಧ ಅವ್ವನದು, ಹಿಂದಿನರ್ಧ ಚಿಕ್ಕಮ್ಮನದು.
ಕಾಲಿನಿಂದ ಹುಟ್ಟುತ್ತದೆ ನೆಯ್ದ ಆಡು, ತಲೆ ಕೊನೆಗೆ.
ಹೊಟ್ಟೆಯವರೆಗೆ ಏರಿದ ಮೇಲೆ
ನಾನೇ ಮೊದಲು ಎಣಿಸಿದ್ದು:
ಐದು ಕಾಲು.
ಯಾರಿಗೆ ಹೇಳಲಿ, ಯಾರ ಪರವಾಗಿ?

ಬಿಚ್ಚಲು ಎರಡು ದಿನ ಬೇಕಿತ್ತು.
ಬೆಟ್ಟದ ಮೇಲೆ ಆಗಲೇ ಮೊದಲ ಹಿಮ.
ಗೂಟ ಕಿತ್ತು, ಅರೆನೇಯ್ದದ್ದನ್ನು ಕೋಲಿಗೆ ಸುತ್ತಿ
ಚಿಕ್ಕಪ್ಪನ ನೀಲಿ ಪಿಕಪ್ಪಿಗೆ ಹಾಕಿದೆವು.
ಇನ್ನೂರು ಮೈಲಿ ಅವರಿಬ್ಬರೂ ಅದರ ಆಚೆಗೊಬ್ಬಳು ಈಚೆಗೊಬ್ಬಳು,
ತಿರುವು ಬಂದಾಗಲೆಲ್ಲ
ಇಬ್ಬರ ಕೈಯೂ ಅದರ ಮೇಲೆ.

ಚಳಿಗಾಲದ ಬಯಲಲ್ಲಿ ಮುಗಿಯಿತು.
ಕತ್ತರಿಯಾಡಿಸಿ, ತೊಳೆದು, ಕಲ್ಲಿನ ಮೇಲೆ ಒಣಗಿಸಿ
ಶಿರಾಜಿಗೆ ಒಯ್ದರು. ನಾನೂ ಹೋದೆ.
ವ್ಯಾಪಾರಿ ಮುಖ ನೋಡಲಿಲ್ಲ, ಬೆನ್ನು ತಿರುವಿದ.
ಬಲ್ಲವರು ಬೆನ್ನನ್ನೇ ಓದುತ್ತಾರೆ.
ಎಡಕ್ಕೆ ಬಿಗಿ, ಬಲಕ್ಕೆ ಸಡಿಲ,
ಒಂದು ಕೆಂಪು, ನಡುವೆ ತಟ್ಟನೆ ಇನ್ನೊಂದು ಕೆಂಪು.
"ಎರಡು ಮನಸ್ಸಿನ ಕೆಲಸ," ಅಂದ.
ಮತ್ತೆ ಮಗುಚಿ, ಆಡನ್ನು ಕಂಡು, ಬಿದ್ದು ಬಿದ್ದು ನಕ್ಕ.
"ಇದಕ್ಕೆ ಒಂದು ಕಾಲು ಹೆಚ್ಚು. ಬೆಲೆ ಕಡಿಮೆ."

"ನಮ್ಮ ಬೆಟ್ಟದಲ್ಲಿ ಆಡಿಗೆ ಐದೇ!"
ಯಾರು ಹೇಳಿದ್ದೆಂದು ನಾನು ತಿರುಗಿ ನೋಡಿದೆ.
ಇಬ್ಬರ ಬಾಯಿಯೂ ಇನ್ನೂ ತೆರೆದೇ ಇತ್ತು.

ಬೆಲೆ ಏರಲಿಲ್ಲ, ಕೊಟ್ಟೇ ಬಂದರು.
ಹಿಂದಿರುಗುವ ಬಸ್ಸಿನಲ್ಲಿ ನನ್ನನ್ನು ಕಿಟಕಿಗೆ ಸರಿಸಿ
ಮೊದಲ ಸಲ ಪಕ್ಕಪಕ್ಕ ಕೂತರು.
ತುಂಬ ಹೊತ್ತಾದ ಮೇಲೆ ಅವ್ವ,
"ಆದರೂ ಹಂಡೆ ನೋಡಬೇಕಾದವಳು ನೀನೇ."
ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿ
ಹುರಿದ ಕಡಲೆ ಅವಳ ಅಂಗೈಗೆ ಸುರಿದಳು.
"ಇರಬಹುದು. ಕಾಲು ಮಾತ್ರ ನಿನ್ನದು."