ದಾವೂದಿ ಫಲಜ್

ಹತ್ತೇ ದಿನ, ದಿನಕ್ಕೆ ಸಾವಿರ ಸುರಂಗ
ಎಂದ ನೀರಿನ ಪಾಲು ನೋಡುವ ಅರೀಫ್, ಖರ್ಜೂರದ ಬೀಜ ಉಗುಳುತ್ತ.
ದಾವೂದನ ಮಗ ಸುಲೈಮಾನ್ ಗಾಳಿಯ ಮೇಲೆ ಹೋಗುವಾಗ
ಈ ಬಹ್ಲಾದ ಹತ್ತಿರ ಇಳಿದನಂತೆ.
ಹಾಳು ಕೋಟೆ, ಗೋಡೆಯ ಮೇಲೊಂದು ಮುದಿ ಹದ್ದು,
ಕುಡಿಯಲು ಹನಿ ನೀರಿಲ್ಲ.
ಜಿನ್ನುಗಳಿಗೆ ಹೇಳಿದ: ಅಗೆಯಿರಿ.

ಇಬ್ರಿಯರ ದೊರೆ ಅವನು, ಎಂದೆ ನಾನು.
ಇಬ್ರಿ ಇಲ್ಲೇ ಅದ ಅಲ್ಲೋ, ಬಸ್ಸಿಗಿ ಒಂದು ತಾಸು,
ಎಂದ ಜೆಟ್ಟೆಪ್ಪ. ಅಲ್ಲೀನೂ ಅವಂದೇ ಗುತ್ತಿಗಿ ಏನು?
ಮತ್ತೆ, ಸ್ವಲ್ಪ ತಡೆದು:
ಪಗಾರ ಕೊಟ್ಟನೋ ಇಲ್ಲೋ ಆ ದೆವ್ವಗೋಳಿಗಿ?

ಜೆಟ್ಟೆಪ್ಪ ಬೀದರಿನವ, ನೌಬಾದಿನ ಸುರಂಗಬಾವಿಯಲ್ಲಿ ಹೂಳು ಹೊತ್ತವನು.
ನಾನು ಬಾಯಾರಿನ ಗುಡ್ಡೆಯವ. ನನ್ನ ಅಪ್ಪ ಇದಿನಬ್ಬ
ಮುಳಿಹುಲ್ಲಿನ ಬುಡದಲ್ಲಿ ಅಡ್ಡಕ್ಕೆ ಕೊರೆಯುತ್ತಿದ್ದರು, ಮೊಂಬತ್ತಿ ಹಿಡಿದು.
ಬತ್ತಿ ನಂದಿದರೆ ಹೊರಗೆ ಓಡು:
ಅಷ್ಟೇ ಅವರು ಕಲಿಸಿದ ವಿದ್ಯೆ.
ಕಲ್ಲಿಗೆ ಅಂಗೈ ಇಟ್ಟರೆ ಒಳಗೆ ನೀರಿದೆಯೋ ಇಲ್ಲವೋ
ನನಗೆ ಗೊತ್ತಾಗುತ್ತದೆ.
ವೀಸಾದಲ್ಲಿ ಬರೆದದ್ದು ಹೆಲ್ಪರ್ ಎಂದು.

ಹದಿನೆಂಟು ಮೀಟರು ಕೆಳಗಿನಿಂದ
ಆಕಾಶ ಒಂದು ನೂರು ಬೈಸಾದ ನಾಣ್ಯ.
ಅದರ ಅಂಚಿನಲ್ಲಿ ಅರ್ಬಾಬ್ ಸೈಫ್,
ಕಪ್ಪು ಗಾಜು ಏರಿಸಿ, ಏಸಿ ಹಾಕಿ, ಪಿಕಪ್ಪಿನೊಳಗೆ.
ಇಂಜಿನ್ನಿನ ಗುರ್ರು ಕಲ್ಲಿನಲ್ಲಿ ಇಳಿದು ಬರುತ್ತಿತ್ತು.
ಅದು ಕೇಳುವಷ್ಟು ಹೊತ್ತು ಕೆಲಸ.

ಮದ್ರಸದಲ್ಲಿ ಉಸ್ತಾದರು ಹೇಳಿದ್ದು ನೆನಪಾಗುತ್ತಿತ್ತು:
ಕೋಲಿಗೆ ಆನಿಕೊಂಡು ನಿಂತಲ್ಲೇ ಸುಲೈಮಾನ್ ನಬಿ ತೀರಿಕೊಂಡರು.
ಜಿನ್ನುಗಳಿಗೆ ತಿಳಿಯಲಿಲ್ಲ.
ನಿಂತಿದ್ದಾರಲ್ಲ, ನೋಡುತ್ತಿದ್ದಾರಲ್ಲ,
ಎಂದು ಹೊತ್ತವು, ಕಡೆದವು, ಕಟ್ಟಿದವು.
ಗೆದ್ದಲು ಒಳಗಿಂದೊಳಗೆ ಕೋಲು ತಿಂದು ಮುಗಿಸುವ ತನಕ.

ಟ್ಯಾಂಕರಿನ ಸಾಲಿನ್ಸ್ ಬೇರೆ ಹೇಳುತ್ತಿದ್ದ:
ಸೊಲೊಮೋನನ ಕಾಲದಲ್ಲಿ ಬೆಳ್ಳಿಗೆ ಕಲ್ಲಿನ ಬೆಲೆ ಮಾರಾಯ,
ಬಿಟ್ಟಿ ಆಳುಗಳು ಮಾತ್ರ ತಂಡ ತಂಡವಾಗಿ ಲೆಬನೋನಿಗೆ,
ಒಂದು ತಿಂಗಳು ಅಲ್ಲಿ, ಎರಡು ತಿಂಗಳು ಮನೆಯಲ್ಲಿ.
(ಎರಡು ತಿಂಗಳೋ! ಎಂದ ಜೆಟ್ಟೆಪ್ಪ.)
ಅವನು ಸತ್ತ ಮೇಲೆ ಜನ ಮಗನ ಹತ್ತಿರ ಹೋಗಿ
ನೊಗ ಸ್ವಲ್ಪ ಹಗುರ ಮಾಡಪ್ಪ ಎಂದರು.
ಮಗ ಏನೆಂದ ಅಂತ ಹೇಳುವಷ್ಟರಲ್ಲಿ
ಸಾಲಿನ್ಸನ ಟ್ಯಾಂಕರು ತುಂಬಿತು. ಹೋದ.

ಆ ಬೇಸಗೆ ಹೂಳು ಬಹಳ.
ಒಂದು ಮಧ್ಯಾಹ್ನ ಇಂಜಿನ್ನು ಕೆಮ್ಮಿ, ನಿಂತಿತು.
ಅಷ್ಟು ನಿಶ್ಶಬ್ದವನ್ನು ನಾನು ಅಪ್ಪನ ಸುರಂಗದಲ್ಲಿ ಬಿಟ್ಟರೆ ಕೇಳಿಲ್ಲ.
ಬತ್ತಿ ನಂದಿದಂತೆ ಎದೆ ಹಾರಿ
ಹಗ್ಗ ಹಿಡಿದು ಮೇಲೆ ಬಂದೆವು.

ಬಾಗಿಲು ತೆರೆದರೆ ಯಾರೂ ಇಲ್ಲ.
ಸೀಟಿನಲ್ಲಿ ಕಸೂತಿ ಟೋಪಿ, ಅರ್ಧ ಬಾಟಲಿ ಲಬನ್.
ಅಣ್ಣನ ಮಗ, ಹದಿನಾರರ ಹುಡುಗ, ಬೇಲಿಯ ನೆರಳಿನಿಂದ ಎದ್ದು ಬಂದ.
ದಿನಾ ಬೆಳಿಗ್ಗೆ ತಂದು ನಿಲ್ಲಿಸು ಎಂದರು, ನಿಲ್ಲಿಸಿದೆ.
ಚಿಕ್ಕಪ್ಪನನ್ನು ಮಣ್ಣು ಮಾಡಿ ಹನ್ನೊಂದು ದಿನವಾಯಿತಲ್ಲ,
ನಿಮಗೆ ಯಾರೂ ಹೇಳಲಿಲ್ಲವೇ?

ಗೆದ್ದಲೂ ಅಲ್ಲ.
ಪೆಟ್ರೋಲು ಮುಗಿದದ್ದು ಅಷ್ಟೇ.

ಸಂಜೆ ಮಗ ಬಂದ, ಮಸ್ಕತ್ತಿನಿಂದ. ಒಳ್ಳೆಯವನೇ.
ನಮ್ಮ ಕೈ ಹಿಡಿದುಕೊಂಡು ಅತ್ತ ಕೂಡ.
ಕಾಗದದಲ್ಲಿ ಹೆಸರು ಬದಲಾಗಬೇಕು.
ಪಾಸ್‌ಪೋರ್ಟು ಕಪಾಟಿನಲ್ಲಿ, ಕಪಾಟು ಅಮ್ಮನ ಕೋಣೆಯಲ್ಲಿ,
ಅಮ್ಮ ಇದ್ದತ್‌ನಲ್ಲಿ: ನಾಲ್ಕು ತಿಂಗಳು ಹತ್ತು ದಿನ.
ಅಲ್ಲಿಯ ತನಕ, ಎಂದು ಬಾವಿಯ ಕಡೆ ನೋಡಿದ.

ಅರೀಫ್‌ಗೆ ಇದರಲ್ಲಿ ಅಧಿಕಾರವಿಲ್ಲ.
ಅವನ ಕೈಯಲ್ಲಿರುವುದು ಅಂಗಳದ ಗಳು, ಗಳುವಿನ ನೆರಳು,
ನೆರಳಿನಲ್ಲಿ ಕಲ್ಲಿಟ್ಟು ಗುರುತಿಸಿದ ನೀರಿನ ಪಾಲು.
ಶುಕ್ರವಾರ ನಮ್ಮನ್ನು ಕರೆದು
ಒಂದು ಅಥರ್ ನಿಮ್ಮದು, ಎಂದ.
ಅರ್ಧ ತಾಸಿನ ಇಡೀ ಫಲಜ್.

ಒಂದು ಗಿಡವಿಲ್ಲದ ನಾವು ಏನು ಮಾಡುವುದು?
ಜೆಟ್ಟೆಪ್ಪ ಎರಡೂ ಅಂಗಿ ಒಗೆದ, ಕಲ್ಲಿನ ಮೇಲೆ ಹರವಿದ.
ನಾನು ಕಾಲು ಇಳಿಬಿಟ್ಟು ಕುಳಿತೆ.
ಗುಡ್ಡದ ಹೊಟ್ಟೆಯ ನೀರು, ಬೆಚ್ಚಗೆ,
ನಾವೇ ಬಿಡಿಸಿದ ದಾರಿಯಲ್ಲಿ ಬಂದು
ಬೆರಳ ಸಂದಿಯಲ್ಲಿ ಹಾದು ಹೋಯಿತು.
ನೆರಳು ಇನ್ನೂ ಎರಡು ಗೇಣು ಕಲ್ಲಿನಾಚೆ.
ಉಳಿದದ್ದು ಯಾರದೋ ಈರುಳ್ಳಿ ಪಾತಿಗೆ
ಹೋಗಲಿ ಎಂದು ಬಿಟ್ಟೆವು.